ಹಲ್ಲಿಗೆ ಕ್ಲಿಪ್ ಹಾಕಿದರೆ ಒಳಗೆ ಏನಾಗುತ್ತದೆ?

ನಮಸ್ಕಾರ. ಕ್ಲಿಪ್ ಹಾಕಿಸಿದರೆ ತಂತಿ ಹಲ್ಲನ್ನು ಎಳೆದು ನೇರ ಮಾಡುತ್ತದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಅರ್ಧ ನಿಜ. ತಂತಿ ಮೆಲ್ಲಗೆ ಒತ್ತುತ್ತಾ ಇರುತ್ತದೆ ಅಷ್ಟೇ, ಉಳಿದ ಕೆಲಸವೆಲ್ಲ ನಿಮ್ಮ ದವಡೆ ಮೂಳೆಯದ್ದು.

[ಪರದೆಯಲ್ಲಿ: ಹಲ್ಲಿನ ಬೇರು, ಸುತ್ತ ಮೂಳೆ, ನಡುವೆ ತೆಳು ಪದರ]

ಇಲ್ಲಿ ನೋಡಿ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್‌ನ ನಾರಿನ ಪದರ ಇದೆ. ಹಲ್ಲನ್ನು ಒಂದು ಕಡೆ ಒತ್ತಿದಾಗ ಆ ಕಡೆಯ ನಾರು ಅದುಮಿಕೊಳ್ಳುತ್ತದೆ, ಮೂಳೆ ಕರಗಿಸುವ ಜೀವಕೋಶಗಳು ಬಂದು ಜಾಗ ಮಾಡಿಕೊಡುತ್ತವೆ. ಹಿಂದುಗಡೆ ನಾರು ಬಿಗಿಯುತ್ತದೆ, ಅಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್. ಜೋರಾಗಿ ಎಳೆದರೆ ಬೇಗ ಮುಗಿಯಲ್ವಾ? ಇಲ್ಲ. ಒತ್ತಡ ಜಾಸ್ತಿಯಾದರೆ ಆ ಪದರಕ್ಕೆ ರಕ್ತವೇ ಸರಿಯಾಗಿ ಹೋಗುವುದಿಲ್ಲ, ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಬೇರಿನ ತುದಿಯೂ ಸವೆಯಬಹುದು.

ಈಗ ತೊಂದರೆಗಳಿಗೆ ಬರೋಣ. ಜಾಗ ಸಾಲದೆ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದರೆ ಮೊದಲು ಜಾಗ ಮಾಡಬೇಕು. ಸ್ವಲ್ಪ ಸಾಕು ಅಂದರೆ ಹಲ್ಲಿನ ಪಕ್ಕವನ್ನು ಕೂದಲೆಳೆಯಷ್ಟು ಉಜ್ಜುತ್ತಾರೆ. ಜಾಸ್ತಿ ಬೇಕಾದರೆ, ಹೆಚ್ಚಾಗಿ ಕೋರೆಹಲ್ಲಿನ ಹಿಂದಿನ ಹಲ್ಲು ಕೀಳುತ್ತಾರೆ. ಚೆನ್ನಾಗಿರುವ ಹಲ್ಲು ಯಾಕೆ ಕೀಳಬೇಕು ಅಂತ ಕೇಳಿ, ಕೇಳಲೇಬೇಕು. ಆದರೆ ಜಾಗವಿಲ್ಲದೆ ಸಾಲು ಮಾಡಿದರೆ ಹಲ್ಲೆಲ್ಲ ಮುಂದಕ್ಕೆ ಬಾಗಿ ತುಟಿ ಮುಚ್ಚುವುದೇ ಕಷ್ಟವಾಗಬಹುದು.

ಉಬ್ಬು ಹಲ್ಲಿನ ವಿಷಯ ಬೇರೆ. ಮೇಲಿನ ಮುಂಭಾಗದ ಹಲ್ಲು ಕೆಳಗಿನದಕ್ಕಿಂತ 2–3 ಮಿಲಿಮೀಟರ್ ಮುಂದಿರುವುದು ಸಹಜ. ಅದಕ್ಕಿಂತ ತುಂಬಾ ಮುಂದಿದ್ದರೆ, ಮೇಲಿನ ಹಲ್ಲು ಮುಂದೆ ಬಂದಿದೆಯಾ ಅಥವಾ ಕೆಳದವಡೆಯೇ ಹಿಂದೆ ಉಳಿದಿದೆಯಾ? ಕನ್ನಡಿ ನೋಡಿದರೆ ಗೊತ್ತಾಗುವುದಿಲ್ಲ, ಪಕ್ಕದಿಂದ ತೆಗೆದ ಎಕ್ಸ್‌ರೇ ಬೇಕು. ಬೆಳೆಯುವ ಮಕ್ಕಳಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಕೊಡುತ್ತಾರೆ. ಬೆಳವಣಿಗೆ ಮುಗಿದವರಿಗೆ ಹಲ್ಲನ್ನಷ್ಟೇ ಹಿಂದಕ್ಕೆ ತರಬೇಕು, ದವಡೆಯ ವ್ಯತ್ಯಾಸ ತುಂಬಾ ಇದ್ದರೆ ಸರ್ಜರಿ.

[ಪರದೆಯಲ್ಲಿ: ಬಾಯಿ ಹತ್ತಿರದಿಂದ, ಬೆರಳಲ್ಲಿ ಸಣ್ಣ ರಬ್ಬರ್ ಬ್ಯಾಂಡ್]

ಈ ಪುಟ್ಟ ರಬ್ಬರ್ ನೋಡಿ. ಮೇಲಿನ ಕೋರೆಹಲ್ಲಿನ ಕೊಕ್ಕೆಗೆ ಒಂದು ತುದಿ, ಕೆಳಗಿನ ದವಡೆಹಲ್ಲಿಗೆ ಇನ್ನೊಂದು. ಕೆಳಗಿನ ಸಾಲು ಮುಂದಕ್ಕೆ, ಮೇಲಿನದು ಹಿಂದಕ್ಕೆ. ಕೆಳಗಿನ ಹಲ್ಲೇ ಮುಂದೆ ಇರುವವರಿಗೆ ಇದನ್ನೇ ತಿರುಗಾಮುರುಗಾ ಹಾಕುತ್ತಾರೆ. ಊಟ ಮತ್ತು ಬ್ರಷ್ ಹೊತ್ತು ಬಿಟ್ಟು ದಿನವಿಡೀ ಇರಬೇಕು, ದಿನಾ ಹೊಸದು ಹಾಕಬೇಕು, ಎಳೆತ ಸಡಿಲವಾಗುತ್ತದಲ್ಲ. ಡಾಕ್ಟರ್ ಹತ್ತಿರ ಹೋಗುವ ಹಿಂದಿನ ರಾತ್ರಿ ಮಾತ್ರ ಹಾಕಿಕೊಂಡು ಹೋಗುವವರೇ, ಅವರಿಗೆ ಗೊತ್ತಾಗುತ್ತದೆ!

ಮೇಲ್ದವಡೆ ಕಿರಿದಾಗಿ ಹಲ್ಲು ಅಡ್ಡ ಕಚ್ಚುತ್ತಿದ್ದರೆ, ಅಂದರೆ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುತ್ತಿದ್ದರೆ, ಅಂಗುಳಕ್ಕೆ ಸ್ಕ್ರೂ ಇರುವ ಸಾಧನ ಕೂರಿಸುತ್ತಾರೆ. ಅಂಗುಳದ ಮಧ್ಯೆ ಎರಡು ಮೂಳೆ ಸೇರುವ ಒಂದು ಬೆಸುಗೆ ಇದೆ, ಚಿಕ್ಕವರಲ್ಲಿ ಅದಿನ್ನೂ ಪೂರ್ತಿ ಕೂಡಿರುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಸಣ್ಣ ಕೀಲಿ ಹಾಕಿ ಸ್ಕ್ರೂ ತಿರುಗಿಸುತ್ತಾರೆ, ಸಾಮಾನ್ಯವಾಗಿ ಒಂದು ಸಲಕ್ಕೆ ಸಾಧನ 0.25 ಮಿಲಿಮೀಟರ್ ಅಗಲವಾಗುತ್ತದೆ. ಕೆಲವು ದಿನಕ್ಕೆ ಮುಂದಿನ ಎರಡು ಹಲ್ಲಿನ ನಡುವೆ ಸಂದು ಕಾಣಿಸುತ್ತದೆ, ಗಾಬರಿಯಾಗಬೇಡಿ, ಬೆಸುಗೆ ತೆರೆದುಕೊಂಡಿದೆ ಅಂತ ಅರ್ಥ. ದೊಡ್ಡವರಲ್ಲಿ ಇದು ಇಷ್ಟು ಸುಲಭವಲ್ಲ.

ಕಚ್ಚಿದರೂ ಮುಂದಿನ ಹಲ್ಲು ಒಂದಕ್ಕೊಂದು ತಾಗುವುದಿಲ್ಲವೇ? ಬೆರಳು ಚೀಪುವುದು, ನಾಲಿಗೆ ಮುಂದಕ್ಕೆ ಒತ್ತುವುದು ಇದ್ದರೆ ಮೊದಲು ಅದು ಬಿಡಬೇಕು. ಅಭ್ಯಾಸ ಹಾಗೇ ಇಟ್ಟುಕೊಂಡು ಕ್ಲಿಪ್ ಹಾಕಿಸಿದರೆ ದುಡ್ಡು ದಂಡ.

ಕಾಣದ ಅಲೈನರ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅಂದರೆ ಹಲ್ಲಿನ ಮೇಲೆ ಕೂರುವ, ತೆಗೆದು ಹಾಕಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇಗಳು. ಒಂದೊಂದು ಟ್ರೇ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ, ದಿನಕ್ಕೆ 20–22 ಗಂಟೆ ಹಾಕಿರಬೇಕು. ಸಣ್ಣಪುಟ್ಟ ಸೊಟ್ಟಕ್ಕೆ ಚೆನ್ನಾಗಿದೆ. ಮರೆಯುವ ಸ್ವಭಾವದವರಾದರೆ ನಾನಂತೂ ಅಂಟಿಸಿದ ಕ್ಲಿಪ್ಪೇ ಸರಿ ಅನ್ನುತ್ತೇನೆ.

ಕ್ಲಿಪ್ ತೆಗೆದ ದಿನ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡಲು ಕೊಡುವ ರಿಟೈನರ್ ಮಾತ್ರ ಡಬ್ಬಿಯಲ್ಲೇ ಉಳಿಯುತ್ತದೆ. ವಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕು, ಅಲ್ಲಿಯವರೆಗೆ ಹಲ್ಲನ್ನು ಹಳೇ ಜಾಗಕ್ಕೇ ಎಳೆಯುತ್ತವೆ. ಕೆಲವು ದಿನ ಬಿಟ್ಟು ಹಾಕಿದಾಗ ರಿಟೈನರ್ ಕೂರದಿದ್ದರೆ ಕಚ್ಚಿ ಒತ್ತಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.