ಅಂಗಡಿ ಲೆಕ್ಕ, ತೋಟದ ಲೆಕ್ಕ

ಕೇಳುಗರೇ, ನಮಸ್ಕಾರ. ಅಡಿಕೆ ಕೊಯ್ಲು ಮುಗಿಯುತ್ತಾ ಬಂತು. ಬೇಯಿಸಿ ಒಣಗಿಸಿದ್ದು ಸ್ವಲ್ಪ ಮಂಡಿಗೆ ಹೋಗಿದೆ, ಉಳಿದದ್ದು ಚೀಲ ಸೇರಿ ಅಟ್ಟದ ಮೇಲಿದೆ. ಇದೇ ಹೊತ್ತಿಗೆ 2025-26ರ ಲೆಕ್ಕ ಮುಗಿಸುವ ಮಾರ್ಚ್ 31 ಬರುತ್ತಿದೆ.

ಈ ವರ್ಷ ಸಿಕ್ಕವರೆಲ್ಲ ಒಂದೇ ಮಾತು ಹೇಳುತ್ತಾರೆ. "12 ಲಕ್ಷದವರೆಗೆ ಟ್ಯಾಕ್ಸ್ ಇಲ್ಲವಲ್ಲ, ಇನ್ನೇನು ಯೋಚನೆ?" ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳ ಮಾತ್ರ ಇರುವವರಿಗೆ ಈ ಮಾತು ಸರಿ. ಅವರಿಗೆ 75 ಸಾವಿರದ ಕಡಿತವೂ ಸೇರಿ 12 ಲಕ್ಷ 75 ಸಾವಿರದವರೆಗೆ ಚಿಂತೆ ಇಲ್ಲ. ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪೇಟೆಯಲ್ಲೊಂದು ಅಂಗಡಿ, ಊರಲ್ಲೊಂದು ತೋಟ. ತೀರ್ಥಹಳ್ಳಿ, ಸಾಗರ, ಹೊಸನಗರ, ಎಲ್ಲಿ ನೋಡಿದರೂ ಹಾಗೇ ಅಲ್ವಾ?

ತೋಟದ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅಂಗಡಿಯ ಲಾಭಕ್ಕೆ ಎಷ್ಟು ದರ ಅಂತ ನೋಡುವಾಗ ತೋಟದ್ದನ್ನೂ ಜೊತೆಗಿಟ್ಟು ನೋಡುತ್ತಾರೆ. ಅಂಗಡಿಯಿಂದ 10 ಲಕ್ಷ, ತೋಟದಿಂದ ಖರ್ಚು ಕಳೆದು 8 ಲಕ್ಷ ಅಂತಿಟ್ಟುಕೊಳ್ಳಿ. ಮೊದಲು ಒಟ್ಟು 18 ಲಕ್ಷಕ್ಕೆ ತೆರಿಗೆ ಹಾಕಿದರೆ 1 ಲಕ್ಷ 60 ಸಾವಿರ. ಆಮೇಲೆ ತೋಟದ 8 ಲಕ್ಷಕ್ಕೆ, ಎಲ್ಲರಿಗೂ ಬಿಡುವ 4 ಲಕ್ಷ ಸೇರಿಸಿ, 12 ಲಕ್ಷಕ್ಕೆ ಹಾಕಿದರೆ 60 ಸಾವಿರ. ಕಳೆದರೆ 1 ಲಕ್ಷ. ಅಂಗಡಿಯ ಆದಾಯ 12 ಲಕ್ಷದೊಳಗೇ ಇರುವುದರಿಂದ ಅದರಲ್ಲಿ 60 ಸಾವಿರ ರಿಯಾಯಿತಿ ಹೋಗಿ 40 ಸಾವಿರ ಕಟ್ಟಬೇಕು, ಮೇಲೆ ಶೇಕಡಾ 4 ಸೆಸ್. ತೆರಿಗೆಯೇ ಇಲ್ಲ ಅಂದುಕೊಂಡ ಮನೆಗೆ ಇದು ಸಣ್ಣ ಮೊತ್ತವಲ್ಲ. ಮುಂದೆ ರಿಟರ್ನ್ಸ್ ತುಂಬುವಾಗ ಗೊತ್ತಾದರೆ ಏನೂ ಮಾಡಲು ಬರುವುದಿಲ್ಲ, ಅದಕ್ಕೇ ಈಗ ಹೇಳುತ್ತಿದ್ದೇನೆ.

ಈಗ ಮಾಡಬಹುದಾದದ್ದು ಇದೆ. ದುಡ್ಡು ಕೈಗೆ ಬಂದ ವರ್ಷಕ್ಕೇ ಆದಾಯ ಬರೆಯುವ ರೂಢಿ ನಿಮ್ಮದಾದರೆ, ಅಟ್ಟದಲ್ಲಿರುವ ಅಡಿಕೆಯನ್ನು ಮಾರ್ಚ್‌ನಲ್ಲಿ ಮಾರುವುದೋ ಏಪ್ರಿಲ್‌ನಲ್ಲೋ ಅನ್ನುವುದು ಈ ಲೆಕ್ಕವನ್ನೇ ಬದಲಿಸುತ್ತದೆ. ಆದರೂ ಮೊದಲು ರಾಶಿ, ಬೆಟ್ಟೆ ಅಡಿಕೆಯ ಧಾರಣೆ ನೋಡಿ, ತೆರಿಗೆ ಆಮೇಲೆ. ಖರ್ಚನ್ನೂ ಬಿಡದೆ ಬರೆಯಿರಿ. ಬೋರ್ಡೋ ಔಷಧಿ ಹೊಡೆಸಿದ್ದು, ಗೊಬ್ಬರ, ಅಡಿಕೆ ಕೊನೆ ತೆಗೆದವರ ಕೂಲಿ, ಸುಲಿದವರ ಕೂಲಿ, ಎಲ್ಲ ಕಳೆದ ಮೇಲೆ ಉಳಿಯುವುದೇ ಆದಾಯ. ಪಹಣಿ, ಮಂಡಿಯ ಬಿಲ್ಲು ಒಂದೇ ಫೈಲಿನಲ್ಲಿರಲಿ. ಇನ್ನೊಂದು, ಬೇರೆಯವರ ತೋಟದ ಫಸಲನ್ನು ಚೇಣಿ, ಅಂದರೆ ಗುತ್ತಿಗೆ, ಹಿಡಿದವರಿಗೆ ಅದು ವ್ಯಾಪಾರದ ಲಾಭ, ಕೃಷಿ ಆದಾಯ ಅಲ್ಲ.

ಅಂಗಡಿಯವರಿಗೆ ಎರಡು ಮಾತು. ಒಬ್ಬರಿಗೆ ಒಂದೇ ದಿನ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಬ್ಯಾಂಕ್ ಮೂಲಕ ಕೊಡಿ. ಸಣ್ಣ ಕಾರ್ಖಾನೆಯವರಿಂದ ಸಾಲದ ಮೇಲೆ ಮಾಲು ತಂದಿದ್ದರೆ 15 ದಿನದಲ್ಲಿ, ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಕೊಟ್ಟುಬಿಡಿ. ಗಡುವು ದಾಟಿದ ಬಾಕಿಯನ್ನು ಮಾರ್ಚ್ 31ರೊಳಗೆ ತೀರಿಸದಿದ್ದರೆ ಆ ಖರ್ಚು ಈ ವರ್ಷದ ಲೆಕ್ಕಕ್ಕೆ ಸಿಗುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಓಡಿಹೋಗಿ ವಿಮಾ ಪಾಲಿಸಿ ಮಾಡಿಸುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವಿಮೆಯಂಥವಕ್ಕೆ ತೆರಿಗೆ ಕಾಯ್ದೆಯ 80ಸಿ ಕಲಮಿನ ಅಡಿ ಸಿಗುವ ಒಂದೂವರೆ ಲಕ್ಷದ ಕಡಿತ ಹಳೆ ಪದ್ಧತಿಗೆ ಮಾತ್ರ. ಹೊಸ ಪದ್ಧತಿಯಲ್ಲಿದ್ದು ಟ್ಯಾಕ್ಸ್ ಉಳಿಸಲೆಂದೇ ಸುಮ್ನೆ ಪಾಲಿಸಿ ಮಾಡಿಸಿದರೆ ಒಂದು ರೂಪಾಯಿಯೂ ಉಳಿಯುವುದಿಲ್ಲ, ಕಂತು ಮಾತ್ರ ವರ್ಷವರ್ಷವೂ ಬರುತ್ತದೆ.

ಕಟ್ಟಬೇಕಾದ ತೆರಿಗೆ 10 ಸಾವಿರ ಮುಟ್ಟುತ್ತದೆ ಅನ್ನಿಸಿದರೆ ಮುಂಗಡ ತೆರಿಗೆಗೆ ಮಾರ್ಚ್ 15 ಕಡೇ ದಿನ. ತಡವಾದರೆ ಬಡ್ಡಿ ಬೀಳುತ್ತದೆ. ಈ ಸಲ ಆ ದಿನ ಭಾನುವಾರ ಬಿದ್ದಿದೆ, ಶನಿವಾರವೇ ಕಟ್ಟಿಬಿಡಿ. ನಮಸ್ಕಾರ.