ಶಾಮಿಯಾನದವರ ಹೆಸರೈತಿ, ಸ್ವರ ಕೂಡಿಸಿದವರದೆಲ್ಲಿ?

ನಮಸ್ಕಾರ್ರೀ. ಹೋದ ವಾರದ ವಿಡಿಯೋಕ್ಕ ಒಬ್ರು ಬರದಾರ: "ವಚನಕ್ಕ ಸಂಯೋಜಕ ಯಾಕ ಬೇಕ್ರಿ? ಬಸವಣ್ಣ ಬರದಾನ, ಗವಾಯಿ ಹಾಡ್ತಾನ, ಮುಗೀತು." ಮುಗೀಲಿಲ್ರೀ ಸರ, ಈಗ ಚಾಲೂ ಆತು. ಸಂಯೋಜಕ ಅಂದ್ರ ವಚನಕ್ಕ ರಾಗ-ತಾಳ ಕೂಡಿಸಾಂವ. ಕಾರ್ಯಕ್ರಮದ ಪತ್ರಿಕೆದಾಗ ಅವನ ಹೆಸರೂ ಹಾಕ್ರಿ ಅನ್ನೂದ ನನ್ನ ಮಾತು.

ಹಿಂದೂಸ್ತಾನಿ ರೂಪಕ ತಾಳ ತಗೊಳ್ರಿ. ಏಳು ಮಾತ್ರೆ, ಮೂರು-ಎರಡು-ಎರಡು, ಸಮ್ (ಅಂದ್ರ ಮೊದಲನೇ ಮಾತ್ರೆ) ಮ್ಯಾಲನ ಖಾಲಿ (ಚಪ್ಪಾಳಿ ಇಲ್ಲದ ಬೀಸು). 'ಕೂಡಲಸಂಗಮದೇವ' ಎಣಸ್ರಿ, ಗುರುಕ್ಕ ಎರಡು, ಲಘುಕ್ಕ ಒಂದು: ಕೂಡಲ 4, ಸಂಗಮ 4, ದೇವ 3. ಒಟ್ಟು 11. ಸಮ್‌ನಿಂದ ಎತ್ತಿದ್ರ 'ಕೂಡಲಸಂಗ' ಅನ್ನೂದ್ರಾಗ ಏಳೂ ಖರ್ಚು, ಮುಂದಿನ ಸಮ್ ಹೋಗಿ 'ಮ' ಮ್ಯಾಲೆ ಬಡೀತೈತಿ. ಸಂಗ ಆ ಕಡೆ, ಮದೇವ ಈ ಕಡೆ! ಅದನ್ನ ನಾಕನೇ ಮಾತ್ರೆಯಿಂದ ಎತ್ತಿ ನೋಡ್ರಿ. 'ಕೂಡಲ' ಏಳಕ್ಕ ಮುಗೀತೈತಿ, 'ಸಂ' ಸರಿಯಾಗಿ ಸಮ್‌ಗೆ ಬಂದು ಕುಂದರತೈತಿ, 'ವ' ಮತ್ತ ಏಳಕ್ಕ. ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮಿಲ್ಲ. ಇದನ್ನ ಬಸವಣ್ಣ ಮಾಡಿಟ್ಟು ಹೋಗಿದ್ನೇನ್ರೀ? ಯಾರೋ ತಲಿ ಕೆಡಿಸಿಕೊಂಡು ಕೂಡಿಸ್ಯಾರ. ಅವರ ಹೆಸರು ಹಾಕ್ರಿ.

"ಮುದ್ರಿಕೆ ಇರತೈತಲ್ಲ" ಅಂತಾರ ಶಾಣ್ಯಾರು. ಮುದ್ರಿಕೆ ಅಂದ್ರ ಹಾಡಿನೊಳಗನ ಕಟ್ಟಿದವರು ಹಾಕ್ಕೊಳ್ಳೂ ಹೆಸರು. ಹಿಂದೂಸ್ತಾನಿ ಖ್ಯಾಲ್ ಹಾಡಕಿನಾಗ ಸದಾರಂಗ ತನ್ನ ಹೆಸರು ಬಂದಿಶ್‌ದೊಳಗನ (ಕಟ್ಟಿದ ಹಾಡಿನೊಳಗನ) ಹಾಕ್ಕೊಂಡ, ಫೈಯಾಜ್ ಖಾನ್ ಸಾಹೇಬ್ರು 'ಪ್ರೇಮಪಿಯಾ' ಅಂದ್ಕೊಂಡ್ರು. ವಚನದಾಗ ಆ ಕುರ್ಚಿ ಮ್ಯಾಲೆ ವಚನಕಾರರ ಅಂಕಿತ ಮೊದಲ ಕುಂತೈತಿ! ಸಂಯೋಜಕ ಎಲ್ಲಿ ಕುಂದರಬೇಕು? ಪತ್ರಿಕೆದಾಗ. ಹೆಸರು ಹಾಕ್ರಿ.

"ಹಾಡಕಿಗೆ ಎಂಥಾ ಹಕ್ಕು?" 1957ರ ಕಾಪಿರೈಟ್ ಕಾಯ್ದೆ ಓದ್ರಿ. ಸಂಗೀತ ಕೃತಿಗೆ ಸಂಯೋಜಕನ ಕರ್ತೃ. ಇರೂತನಕ, ಹೋದ ಮ್ಯಾಲೂ 60 ವರ್ಷ. 1994ರ ತಿದ್ದುಪಡಿ ಆದಮ್ಯಾಲೆ ಸ್ವರಲಿಪಿ ಇರಬೇಕಂತ ಕಡ್ಡಾಯನೂ ಇಲ್ಲ. ಆದ್ರೂ ಬರದಿಡ್ರೆಪಾ: ರಾಗ, ತಾಳ, ಎತ್ತುಗಡೆ ಮಾತ್ರೆ, ತಾರೀಖು. ಬಾಯಿಲೆ ಕಲಿಸಿ ಬಿಟ್ರ ಮೂರನೇ ಶಿಷ್ಯನ ಹೊತ್ತಿಗೆ ಅದು 'ಪಾರಂಪರಿಕ ಧಾಟಿ' ಆಗಿಬಿಡತೈತಿ.

ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದ ನೆಲ ಅಂತ ಧಾರವಾಡದಾಗ ಭಾಷಣ ಹೊಡೀತೀರಿ. ಅದ ಸಭಾದ ಪತ್ರಿಕೆದಾಗ ಶಾಮಿಯಾನದವರು, ಮೈಕಿನವರು, ಗಿರಮಿಟ್ ಕೊಟ್ಟವರು ಎಲ್ಲಾರೂ ಅದಾರ. ಸಂಯೋಜಕರಿಗೆ ಮಾತ್ರ 'ಜಾಗ ಸಾಲ್ಲಿಲ್ರೀ'! ಹೆಸರು ಬಂದ್ರನ ಅವರಿಗೆ ಮುಂದಿನ ನೃತ್ಯರೂಪಕ, ಮುಂದಿನ ಆಲ್ಬಮ್. ಇಲ್ಲಂದ್ರ ಹೊತ್ತು ಮುಣಗೂತನಕ ಹಾರ್ಮೋನಿಯಂ ಟ್ಯೂಷನ್ನ. ಹಾಕ್ರಿ ಅಂದ್ರ ಹಾಕ್ರಿ! ಯಾಕಂದ್ರ... ಯಾಕಂದ್ರ ಹಾಕಬೇಕು, ಅಷ್ಟ!

ನೀರು ಕುಡೀತೇನಿ ತಡೀರಿ. ಅಷ್ಟರಾಗ ಸಬ್‌ಸ್ಕ್ರೈಬ್ ಒತ್ರಿ, ಗಂಟಿನೂ ಬಾರಿಸ್ರಿ. ಮುಂದಿನ ವಾರ ಝಪತಾಲ, ಹತ್ತು ಮಾತ್ರೆದ್ದು, ಎರಡು-ಮೂರು-ಎರಡು-ಮೂರು. 'ಚೆನ್ನಮಲ್ಲಿಕಾರ್ಜುನ' ಎಣಿಸಿದ್ರ ಹತ್ತಕ್ಕ ಹತ್ತು ಮಾತ್ರೆ, ಆದ್ರೂ 'ಕಾ' ಎಡವತೈತಿ. ಎಲ್ಲಿ ಅಂತ ಕೆಳಗ ಬರೀರಿ. ಬರದವ್ರ ಹೆಸರು ನಾವು ಹೇಳ್ತೇವಿ.