ಗೋಡೆಗೆ ಅಂಟಿಸಿದ ಎಚ್ಚರಿಕೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕರಪತ್ರ ಅಂದ ಕೂಡಲೇ ಎಲ್ಲರೂ ಕೇಳುವುದು, ಅದರಲ್ಲಿ ಏನು ಬರೆದಿತ್ತು ಅಂತ. ದಯವಿಟ್ಟು ಮೊದಲು ಇದನ್ನು ಕೇಳಿ: ಅದನ್ನು ಓದಬೇಕಾಗಿದ್ದವನು ಯಾರು?

ಬ್ರಿಟಿಷರ ಕೈಯಲ್ಲಿದ್ದ ಪ್ಯಾಲೆಸ್ಟೈನಿಗೆ ಬನ್ನಿ. 1939ರ ಶ್ವೇತಪತ್ರ, ಅಂದರೆ ಬ್ರಿಟಿಷ್ ಸರ್ಕಾರದ ನೀತಿ ಘೋಷಣೆ, ಅಲ್ಲಿಗೆ ಯಹೂದಿಗಳ ವಲಸೆಗೆ ಐದು ವರ್ಷಕ್ಕೆ 75,000 ಎಂದು ಮಿತಿ ಹಾಕಿತು. 1944ರ ಫೆಬ್ರವರಿ 1ರಂದು ಮೆನಾಖೆಮ್ ಬೆಗಿನ್ ನಾಯಕತ್ವದ ಇರ್ಗುನ್ ಎಂಬ ಯಹೂದಿ ಭೂಗತ ಪಡೆ ಬ್ರಿಟಿಷರ ವಿರುದ್ಧ ಬಂಡಾಯ ಸಾರಿತು. ಸಾರಿದ್ದು ಗೋಡೆಗೆ ಅಂಟಿಸಿದ ಹಾಳೆಯಲ್ಲಿ, ಹೀಬ್ರೂ ಭಾಷೆಯಲ್ಲಿ. ಓದಬೇಕಾದವರು ತಮ್ಮದೇ ಜನ.

1946ರ ಡಿಸೆಂಬರ್ ಕಥೆಯೇ ಬೇರೆ. ಬ್ಯಾಂಕ್ ದರೋಡೆಯಲ್ಲಿ ಸಿಕ್ಕಿಬಿದ್ದ ಬಿನ್ಯಾಮಿನ್ ಕಿಮ್ಖಿ ಎಂಬ ಹದಿಹರೆಯದ ಇರ್ಗುನ್ ಹುಡುಗನಿಗೆ ಬ್ರಿಟಿಷ್ ಸೇನಾ ನ್ಯಾಯಾಲಯ 18 ವರ್ಷ ಸೆರೆ, 18 ಛಡಿಯೇಟು ವಿಧಿಸಿತು. ಇರ್ಗುನ್ ಊರೂರಲ್ಲಿ ಹಾಳೆ ಅಂಟಿಸಿತು: ಇವನಿಗೆ ಏಟು ಬಿದ್ದರೆ ನಿಮ್ಮ ಅಧಿಕಾರಿಗಳಿಗೂ ಬೀಳುತ್ತದೆ. ಹೀಬ್ರೂ ಜೊತೆಗೆ ಇಂಗ್ಲಿಷಿನಲ್ಲೂ! ಇಲ್ಲಿ ಓದುಗ ಬ್ರಿಟಿಷ್ ಅಧಿಕಾರಿ. ಅವನಿಗೆ ಅರ್ಥವಾಗದಿದ್ದರೆ ಅಂಟಿಸಿ ಏನು ಬಂತು?

ಡಿಸೆಂಬರ್ 27ರಂದು ಹುಡುಗನಿಗೆ ಏಟು ಕೊಟ್ಟೇಬಿಟ್ಟರು. 29ರ ರಾತ್ರಿ ನೆತನ್ಯಾ ಪಟ್ಟಣದಿಂದ ಒಬ್ಬ ಬ್ರಿಟಿಷ್ ಮೇಜರನ್ನು, ಬೇರೆ ಕಡೆಗಳಿಂದ ಸಾರ್ಜೆಂಟರನ್ನು ಎತ್ತಿಕೊಂಡು ಹೋಗಿ ಇರ್ಗುನ್ ಹೊಡೆಯಿತು. ಲೆಕ್ಕವೂ ಅದೇ, 18. ಮಾತು ಅಲ್ಲಿಗೇ ಮುಗಿಯಲಿಲ್ಲ. ಅದೇ ರಾತ್ರಿ ಬ್ರಿಟಿಷರ ತಪಾಸಣೆಯಲ್ಲಿ ಇರ್ಗುನ್‌ನವರ ಒಂದು ಕಾರು ಸಿಕ್ಕಿತು, ಒಳಗೆ ಬಂದೂಕಿನ ಜೊತೆ ಚಾಟಿ. ಅದರಲ್ಲಿದ್ದವರ ಪೈಕಿ ಮೂವರನ್ನು 1947ರ ಏಪ್ರಿಲ್ 16ರಂದು ಅಕ್ಕೋ ಜೈಲಿನಲ್ಲಿ ಗಲ್ಲಿಗೇರಿಸಿದರು. ಆದರೆ ಇರ್ಗುನ್ ಕೈದಿಗಳಿಗೆ ಛಡಿಯೇಟು ಮತ್ತೆ ಬೀಳಲಿಲ್ಲ. ಓದಬೇಕಾದವರು ಓದಿದ್ದರು, ಸ್ವಲ್ಪ ತಡವಾಗಿ.

ಸಮಯ ಕಡಿಮೆ ಇದೆ, ತಯಾರಿಕೆಯನ್ನು ಬೇಗ ಹೇಳುತ್ತೇನೆ. ಸೈಕ್ಲೋಸ್ಟೈಲ್ ಗೊತ್ತಲ್ಲ, ನಮ್ಮ ಕಚೇರಿಗಳಲ್ಲೂ ಇತ್ತು. ಟೈಪ್‌ರೈಟರಿನ ರಿಬ್ಬನ್ ಸರಿಸಿ ಮೇಣದ ಹಾಳೆಯ ಮೇಲೆ ಟೈಪ್ ಮಾಡಬೇಕು; ಅಕ್ಷರ ಕೊರೆದ ಜಾಗದಿಂದ ಶಾಯಿ ಇಳಿದು ಕಾಗದದ ಮೇಲೆ ಪ್ರತಿ ಮೂಡುತ್ತದೆ. ಜೋರಾಗಿ ಕುಟ್ಟಿದರೆ ಹೀಬ್ರೂವಿನ ಸಾಮೆಖ್‌ನಂಥ ಮುಚ್ಚಿದ ಅಕ್ಷರದ ನಡುಭಾಗ ಉದುರಿ ಕಪ್ಪು ಚುಕ್ಕೆ ಉಳಿಯುತ್ತದೆ. ಶಾಯಿ ಹೆಚ್ಚಾದರೆ ಮೇಲಿನ ಹಾಳೆಯ ಬೆನ್ನಿಗೂ ಮೆತ್ತಿಕೊಳ್ಳುತ್ತದೆ. ಅಂಟಿಗೆ ಒಂದು ಪಾಲು ಮೈದಾ, ಐದು ಪಾಲು ನೀರು, ಗಂಟಿಲ್ಲದಂತೆ ಕುದಿಸಿದರೆ ಸಾಕು. ಗೋಡೆಗೆ ಬಳಿದು, ಹಾಳೆಯ ಮೇಲೂ ಒಂದು ಕೈ ಬಳಿಯಬೇಕು. ಆಗ ಪೊಲೀಸರು ಕಿತ್ತರೂ ಚೂರುಚೂರಾಗಿಯೇ ಬರುತ್ತದೆ.

ಇದೇನು ಹುಡುಗಾಟ ಅಂದುಕೊಳ್ಳಬೇಡಿ. 1947ರ ಮೇ 6ರಂದು ಲೇಹಿ ಎಂಬ ಇನ್ನೊಂದು ಯಹೂದಿ ಭೂಗತ ಗುಂಪಿನ ಕರಪತ್ರ ಒಯ್ಯುತ್ತಿದ್ದ 16ರ ಹುಡುಗ ಅಲೆಕ್ಸಾಂಡರ್ ರುಬೊವಿಟ್ಸ್‌ನನ್ನು ಜೆರುಸಲೇಮಿನ ಬೀದಿಯಲ್ಲೇ ಹಿಡಿದೊಯ್ದರು. ಶವ ಕೂಡ ಸಿಗಲಿಲ್ಲ. ಆರೋಪಿ ಬ್ರಿಟಿಷ್ ಮೇಜರ್ ರಾಯ್ ಫ್ಯಾರನ್‌ನನ್ನು ಸೇನಾ ನ್ಯಾಯಾಲಯ ಖುಲಾಸೆ ಮಾಡಿತು.

ನಮಸ್ಕಾರ.